ಬೀದಿಗೆ ಬಂಡವಾಳ ತರಲು ಹೋಗಿ

ಬೀದಿಯ ಅಗಲ ಅಳೆಯುವುದರಿಂದ ನನ್ನ ಕೆಲಸ ಶುರುವಾಯಿತು. ನೂರಡಿ ಟೇಪಿನ ಒಂದು ತುದಿಯನ್ನು ಬಳೆ ಅಂಗಡಿಯ ಅಮ್ಮ ತಮ್ಮ ಜಗಲಿಕಲ್ಲಿಗೆ ಒತ್ತಿ ಹಿಡಿದಿದ್ದರು. ಇನ್ನೊಂದು ತುದಿ ಹಿಡಿದು ನಾನು ಎದುರು ಸಾಲಿನ ಬೇಕರಿಯ ಮೆಟ್ಟಿಲಿನ ಕಡೆ ನಡೆದೆ. ಅಷ್ಟರಲ್ಲಿ ಮಂಡಿಯ ಕಡೆಯಿಂದ ಒಂದು ಜಟಕಾ ಬಂದು ಟೇಪಿನ ಮುಂದೆ ಗಕ್ಕನೆ ನಿಂತಿತು. ಒಳಗೆ ನಂಜನಗೂಡಿನ ಕಡೆಯ ಮದುವೆ ಮನೆಯವರು, ಏಳೆಂಟು ಜನ, ಒಬ್ಬರ ಮೇಲೊಬ್ಬರು ಕೂತಿದ್ದರು. ಜಟಕಾ ಹೊಡೆಯುತ್ತಿದ್ದವರು ಲಗಾಮು ಎಳೆದು ಹಿಡಿದು, "ಅಳೀರಿ ಸ್ವಾಮಿ, ನಿಧಾನ್ವಾಗಿ ಅಳೀರಿ. ಮದ್ವೆ ಇನ್ನೂ ಮುಂದಿನ ವಾರ" ಎಂದರು. ಗಾಡಿಯೊಳಗಿನವರೆಲ್ಲ ನಕ್ಕರು. ನಾನು ಅಳತೆ ಬರೆದುಕೊಂಡೆ: ಜಗಲಿಯಿಂದ ಮೆಟ್ಟಿಲಿಗೆ ಮೂವತ್ತೊಂದು ಅಡಿ.

ಹೀಗೆ ನನಗೆ ಪರಿಚಯವಾದವರೇ ನಮ್ಮ ಬೀದಿಯ ಜಟಕಾ ಸ್ಟ್ಯಾಂಡಿನ ಜಮಾದಾರರು. ಯಾವ ಗಾಡಿ ಯಾವಾಗ ಹೊರಡಬೇಕೆಂದು ಸರದಿ ನೋಡುವ ಯಜಮಾನಿಕೆ ಅವರದು. ಅವರ ಮಾತನ್ನು ಇಪ್ಪತ್ತು ಚಿಲ್ಲರೆ ಗಾಡಿಯವರು ಎದುರು ಹೇಳದೆ ಕೇಳುತ್ತಿದ್ದರು.

ಸಂಸ್ಥಾನ ಹೋಗಿ ಹತ್ತು ವರ್ಷದ ಮೇಲಾಗಿತ್ತು. ಮಂಡಿ ಮೊಹಲ್ಲಾದ ಅಂಚಿನ ಆ ಬೀದಿ ಅರಮನೆಯ ನೆರಳಲ್ಲಿ ಬೆಳೆದದ್ದು. ದರ್ಬಾರಿನ ಉಡುಪು ಹೊಲಿಯುವವರು, ಜರಿ ಕೆಲಸದವರು, ಕುದುರೆ ಜೀನು ಹೊಲಿಯುವವರು, ಅತ್ತರಿನವರು ಎಲ್ಲರೂ ಅಲ್ಲಿದ್ದರು. ಅವರ ಪಕ್ಕದಲ್ಲೇ ಶೆಟ್ಟರ ದಿನಸಿ, ಮಾರ್ವಾಡಿಗಳ ಜವಳಿ, ಕ್ರೈಸ್ತರೊಬ್ಬರ ಬೇಕರಿ, ಮೊದಲಿಯಾರರ ಪಾತ್ರೆ ಅಂಗಡಿ. ಅರಮನೆಯ ಇಲಾಖೆಗಳು ಒಂದೊಂದಾಗಿ ಕರಗಿದಂತೆ ಬೀದಿಯ ಬಾಗಿಲುಗಳೂ ಒಂದೊಂದಾಗಿ ಮುಚ್ಚಿದವು. ಬೀದಿಯ ನಡುಮಧ್ಯದಲ್ಲಿದ್ದ ಜರಿ ಕಾರ್ಖಾನೆಯ ದೊಡ್ಡ ಕಟ್ಟಡದ ಬೀಗ ತುಕ್ಕು ಹಿಡಿದು ಎಷ್ಟೋ ಕಾಲವಾಗಿತ್ತು. ಹೊಸ ಅಂಗಡಿಗಳೆಲ್ಲ ಬೇರೆ ರಸ್ತೆಗಳಲ್ಲಿ ಏಳುತ್ತಿದ್ದವು.

ಬೀದಿಯ ವರ್ತಕರು ಸೇರಿ ಸಂಘ ಮಾಡಿಕೊಂಡು ನನ್ನನ್ನು ಕಾರ್ಯದರ್ಶಿಯಾಗಿ ಇಟ್ಟುಕೊಂಡರು. ನನಗೆ ಇಂಗ್ಲಿಷ್ ಟೈಪಿಂಗ್ ಬರುತ್ತಿತ್ತು. ಸರ್ವೆ ಕಚೇರಿಯೊಂದರಲ್ಲಿ ನಕ್ಷೆ ಬರೆಯುವುದನ್ನೂ ಕಲಿತಿದ್ದೆ. ಅಧ್ಯಕ್ಷರು ದಿನಸಿ ಅಂಗಡಿಯ ಶೆಟ್ಟರು. ಕೊಯಮತ್ತೂರಿನ ಒಂದು ಜವಳಿ ಕಂಪನಿ ಮೈಸೂರಿನಲ್ಲಿ ದೊಡ್ಡ ಮಾರಾಟ ಮಳಿಗೆ ತೆರೆಯಲು ಜಾಗ ಹುಡುಕುತ್ತಿದೆ, ಜೊತೆಗೆ ಮಹಡಿಯ ಮೇಲೆ ಬ್ಯಾಂಕೊಂದನ್ನೂ ಕರೆತರುತ್ತದೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

"ನೋಡ್ರೀ ಸೆಕ್ರೆಟ್ರಿ, ಒಂದು ದೊಡ್ಡ ಅಂಗ್ಡಿ ಬಂದ್ಬುಟ್ರೆ ಸಾಕು, ಮಿಕ್ಕವೆಲ್ಲ ಅದರ ಪಕ್ಕದಲ್ಲಿ ಬದುಕ್ಕೊಂಡ್ಬುಡ್ತವೆ. ಜರಿ ಕಾರ್ಖಾನೆ ಕಟ್ಟಡ ಅವರ ಕಣ್ಣಿಗೆ ಬೀಳೋ ಹಂಗೆ ಮಾಡೋದು ನಿಮ್ಮ ಕೆಲ್ಸ" ಎಂದರು ಶೆಟ್ಟರು.

ನಾನು ಕಂಪನಿಗೆ ಬರೆದೆ. ಮೂರು ವಾರಕ್ಕೆ ಉತ್ತರ ಬಂತು, ಜೊತೆಗೆ ಅವರಿಗೆ ಬೇಕಾದದ್ದರ ಪಟ್ಟಿ: ಬೀದಿಯ ನಕ್ಷೆ, ಕಟ್ಟಡದ ಹಕ್ಕುಪತ್ರಗಳು, ಚರಂಡಿ ಮತ್ತು ವಿದ್ಯುತ್ತಿನ ವಿವರ, ಬೀದಿಗೆ ದಿನಕ್ಕೆ ಎಷ್ಟು ಗಿರಾಕಿಗಳು ಬರುತ್ತಾರೆಂಬ ಎಣಿಕೆ.

ಹಕ್ಕುಪತ್ರವೇ ಮೊದಲ ತೊಡಕು. ಕಟ್ಟಡ ನಾಲ್ಕು ಜನ ಅಣ್ಣತಂಗಿಯರ ಹೆಸರಿನಲ್ಲಿತ್ತು. ಮೂವರು ಸಹಿ ಹಾಕಿದರು. ನಾಲ್ಕನೆಯವರು, ಚಾಮರಾಜನಗರದಲ್ಲಿದ್ದ ತಂಗಿ, ಅಣ್ಣಂದಿರ ಮೇಲಿನ ಹಳೆಯ ಕೋಪಕ್ಕೆ ನನ್ನನ್ನು ಎರಡು ಸಲ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಮೂರನೆಯ ಸಲ ಹೋದಾಗ ಬೀದಿಯ ಬಗ್ಗೆ ಮಾತೆತ್ತದೆ ಅವರ ತಂದೆಯ ಜರಿ ಕೆಲಸದ ಬಗ್ಗೆ ಕೇಳಿದೆ. ಒಂದು ಗಂಟೆ ಮಾತಾಡಿದರು. ಹೊರಡುವಾಗ ತಾವೇ ಕಾಗದ ಈಸಿಕೊಂಡು ಸಹಿ ಹಾಕಿದರು. ಜನರಿಂದ ಒಪ್ಪಿಗೆ ಪಡೆಯುವ ಕಲೆ ನನಗೆ ಒಲಿದಿದೆ ಎಂದು ವಾಪಸು ಬರುವ ರೈಲಿನಲ್ಲಿ ನನಗನ್ನಿಸಿತು. ಆ ಹೆಮ್ಮೆಯನ್ನು ನೆನೆದರೆ ಈಗ ಇರಿಸುಮುರಿಸಾಗುತ್ತದೆ.

ನಕ್ಷೆಯನ್ನು ಬೆಳಕು ಹಾಯುವ ಮೇಣದ ಬಟ್ಟೆಯ ಮೇಲೆ ಬರೆದು, ಅದರಡಿ ರಾಸಾಯನಿಕ ಹಚ್ಚಿದ ಕಾಗದ ಸೇರಿಸಿ, ಗಾಜಿನ ಚೌಕಟ್ಟಿನಲ್ಲಿ ಸಂಘದ ತಾರಸಿಯ ಬಿಸಿಲಿಗಿಟ್ಟು, ಆ ಕಾಗದವನ್ನು ನೀರಿನಲ್ಲಿ ತೊಳೆದು ನೀಲಿ ಪ್ರತಿ ತೆಗೆದೆ. ಮೊದಲ ನಾಲ್ಕು ಪ್ರತಿ ಮೋಡದಿಂದಾಗಿ ಕೆಟ್ಟವು. ಐದನೆಯದು ಚೆನ್ನಾಗಿ ಬಂತು. ಬೀದಿಯ ತಲೆಯಲ್ಲಿ ಜಟಕಾ ಸ್ಟ್ಯಾಂಡು, ಕುದುರೆಗಳಿಗೆ ನೀರು ಕುಡಿಸುವ ಕಲ್ಲು ತೊಟ್ಟಿ, ಎರಡು ಸಾಲು ಅಂಗಡಿ, ಎಲ್ಲವೂ ಬಿಳಿ ಗೆರೆಗಳಲ್ಲಿ ಸ್ಪಷ್ಟವಾಗಿದ್ದವು.

ಆಮೇಲೆ ಎಣಿಕೆ. ಒಂದು ವಾರ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ನಾನು ಬೀದಿಯ ಒಂದು ತುದಿಯಲ್ಲಿ, ಬೇಕರಿಯವರ ತಮ್ಮ ಇನ್ನೊಂದು ತುದಿಯಲ್ಲಿ ಕೂತೆವು. ಬಂದವರಿಗೊಂದು ಗೀಟು; ನಾಲ್ಕು ನಿಂತ ಗೀಟಿಗೆ ಅಡ್ಡವಾಗಿ ಐದನೆಯದು. ಕಂಪನಿ ಕೇಳಿದ್ದು ಒಟ್ಟು ಸಂಖ್ಯೆಯನ್ನು ಮಾತ್ರ. ಸರ್ವೆ ಕಚೇರಿಯ ಅಭ್ಯಾಸ ಬಿಡದೆ ನಾನು ಇನ್ನೊಂದಿಷ್ಟು ಅಂಕಣ ಹಾಕಿಕೊಂಡೆ: ನಡೆದು ಬಂದವರು, ಸೈಕಲ್ಲಿನವರು, ಎತ್ತಿನ ಗಾಡಿಯವರು, ಜಟಕಾದವರು, ಕಾರಿನವರು.

ವಾರದ ಕೊನೆಗೆ ಕೂಡಿಸಿದಾಗ ಒಂದು ವಿಷಯ ಎದ್ದು ಕಂಡಿತು. ಹೆಬ್ಬಾಳ, ಮೇಟಗಳ್ಳಿಯ ಕಡೆಯ ಒಕ್ಕಲು ಜನ ಎತ್ತಿನ ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ಬರುತ್ತಿದ್ದರು. ಅವರದು ಸಣ್ಣಪುಟ್ಟ ವ್ಯಾಪಾರ. ಸೀರೆ, ಪಾತ್ರೆ, ಬಳೆ, ಮದುವೆಯ ದಿನಸಿ ಎಂದು ಕೈತುಂಬ ಕೊಳ್ಳುತ್ತಿದ್ದವರು ರೈಲಿನಿಂದಿಳಿದು ಜಟಕಾ ಹತ್ತಿ ಬಂದವರು. ಅರ್ಧಕ್ಕಿಂತ ಹೆಚ್ಚು ಗೀಟು ಆ ಒಂದೇ ಅಂಕಣದಲ್ಲಿತ್ತು. ಸ್ಟೇಷನ್ನಿನಲ್ಲೇ ಜಟಕಾದವರು "ಏನ್ ಸಾಮಾನಮ್ಮ, ಮದ್ವೇದಾ?" ಎಂದು ಕೇಳಿ ನೇರ ನಮ್ಮ ಬೀದಿಗೆ ಹೊಡೆದುಕೊಂಡು ಬರುತ್ತಿದ್ದರು. ಹಾಗೆ ಬಂದವರು ಗಂಟುಮೂಟೆ, ಕೆಲವೊಮ್ಮೆ ಮಲಗಿದ ಕೂಸನ್ನೂ, ಅಜ್ಜಿಯ ಜೊತೆ ಗಾಡಿಯಲ್ಲೇ ಬಿಟ್ಟು ಅಂಗಡಿ ಅಂಗಡಿ ತಿರುಗುತ್ತಿದ್ದರು. ಸಾಮಾನು ತುಂಬಿಕೊಂಡು ಅದೇ ಗಾಡಿಯಲ್ಲಿ ಸ್ಟೇಷನ್ನಿಗೆ ಹೋಗುತ್ತಿದ್ದರು.

ಈ ಹಾಳೆಯನ್ನು ನಾನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದೆ. ಗೊತ್ತಾಗಲಿಲ್ಲ ಎಂದು ಹೇಳುವ ಅನುಕೂಲ ನನಗಿಲ್ಲ.

ಕಂಪನಿಯ ಅಧಿಕಾರಿ ಬಂದದ್ದು ಬಿಸಿಲು ಚುರುಗುಟ್ಟುವ ಒಂದು ಮಧ್ಯಾಹ್ನ. ಬಿಳಿ ಷರಟು, ಬಿಳಿ ಪ್ಯಾಂಟು. ತಮಿಳಿನ ಎಳೆತದಲ್ಲಿ ಒಳ್ಳೆಯ ಕನ್ನಡ ಮಾತಾಡುತ್ತಿದ್ದರು. ಕಟ್ಟಡದ ತೊಲೆಗಳನ್ನು ಚಾಕುವಿನಿಂದ ಚುಚ್ಚಿ ನೋಡಿದರು, ಗೋಡೆ ತಟ್ಟಿದರು, ಮೆಚ್ಚಿದರು. ಬೀದಿಯ ತಲೆಗೆ ಬಂದಾಗ ಕಾರು ಹತ್ತಲು ಹೋದಾಗ ಅವರ ಬಿಳಿ ಬೂಟು ಕುದುರೆ ಲದ್ದಿಯೊಳಗೆ ಇಳಿಯಿತು. ನೊಣಗಳು ಭರ್ರನೆ ಎದ್ದವು. ಶೆಟ್ಟರು ತಮ್ಮ ಉತ್ತರೀಯದಿಂದಲೇ ಬೂಟು ಒರೆಸಲು ಬಗ್ಗಿದರು. ಅಧಿಕಾರಿ ಅವರನ್ನು ತಡೆದು, ತೊಟ್ಟಿಯ ನೀರಿನಲ್ಲಿ ಕಾಲು ತೊಳೆದುಕೊಂಡು, ನನ್ನ ಕಡೆ ತಿರುಗಿ, "ಇದಕ್ಕೊಂದು ಏರ್ಪಾಡು ಮಾಡಬೇಕಲ್ಲ ಮಿಸ್ಟರ್" ಎಂದರು. ಅಷ್ಟೇ. ಕಾರು ಹೋಯಿತು.

ಶೆಟ್ಟರು ಅಲ್ಲೇ ನಿಂತು ಹೇಳಿದರು: "ಕೇಳಿಸ್ತಲ್ಲ? ಸ್ಟ್ಯಾಂಡ್ ಎತ್ತಿಸ್ಬೇಕು."

"ಅವರು ಎತ್ತಿಸಿ ಅನ್ನಲಿಲ್ಲವಲ್ಲ ಶೆಟ್ಟರೆ" ಎಂದೆ.

"ದೊಡ್ಡೋರು ಬಾಯ್ಬಿಟ್ಟು ಹೇಳ್ತಾರಾ? ನಾವೇ ಅರ್ಥ ಮಾಡ್ಕೋಬೇಕು ಕಣ್ರೀ."

ಸಂಘದ ಕೋಣೆಗೆ ಹೋಗಿ ಎಣಿಕೆಯ ಹಾಳೆ ತೋರಿಸಿದೆ. ಶೆಟ್ಟರು ಕನ್ನಡಕ ಮೇಲೆತ್ತಿ ನೋಡಿದರು. "ಕಂಪನಿ ಬಂದ್ರೆ ಜನ ಹೆಂಗಾದ್ರೂ ಬರ್ತಾರೆ. ಇದನ್ನ ಎಲ್ಲರ ಮುಂದೆ ಇಟ್ರೆ ಹತ್ತು ಜನ ಹತ್ತು ಮಾತಾಡ್ತಾರೆ, ಕೆಲ್ಸ ಕೆಟ್ಟೋಗ್ತದೆ. ನಿಮ್ಮಿಷ್ಟ, ನೀವು ಓದಿದೋರು" ಎಂದರು.

ನಿಮ್ಮಿಷ್ಟ ಎಂದರಲ್ಲ, ಆ ಕ್ಷಣದಲ್ಲಿ ತೀರ್ಮಾನ ನನ್ನದಾಯಿತು. ಯಾರೂ ನನ್ನ ಕೈ ಕಟ್ಟಿರಲಿಲ್ಲ. ಕಂಪನಿ ಬಂದರೆ ಅದನ್ನು ತಂದವನು ಎಂಬ ಹೆಸರು ನನಗೆ ಬರುತ್ತಿತ್ತು. ಮುಂದೆ ಅಲ್ಲೇ ಒಂದು ನೌಕರಿಯೂ ಸಿಗಬಹುದೆಂಬ ಆಸೆ ಒಳಗೊಳಗೇ ಇತ್ತು. ಹಾಳೆಯನ್ನು ಮಡಚಿ ಬೀರುವಿನ ಕಡತದೊಳಗೆ ಸೇರಿಸಿದೆ. ವರದಿಯಲ್ಲಿ ಒಟ್ಟು ಸಂಖ್ಯೆಯನ್ನಷ್ಟೇ ಟೈಪ್ ಮಾಡಿದೆ.

ಮರುದಿನದ ಸಭೆಯಲ್ಲಿ ಸ್ಟ್ಯಾಂಡು ಸಾಗಿಸುವ ಮಾತು ಬಂದಾಗ ಎದ್ದು ನಿಂತವರು ಬಳೆ ಅಂಗಡಿಯ ಅಮ್ಮ ಒಬ್ಬರೇ. ಗಂಡ ತೀರಿದ ಮೇಲೆ ಅಂಗಡಿ ನಡೆಸುತ್ತಿದ್ದವರು, ಸಂಘದಲ್ಲಿದ್ದ ಒಬ್ಬರೇ ಹೆಂಗಸು.

"ಅಲ್ಲ ಕಣ್ರಪ್ಪಾ, ಜಟಕಾ ಓದ್ರೆ ನನ್ ಅಂಗ್ಡೀಗೆ ಬರೋರು ಯಾರು? ಐನೋರು ವಾರಗಟ್ಲೆ ಕೂತು ಎಣ್ಸುದ್ರಲ್ಲ, ಅವ್ರನ್ನೇ ಕೇಳಿ, ಜನ ಎಂಗೆ ಬತ್ತಾರೆ ಅಂತ."

ಎಲ್ಲರೂ ನನ್ನ ಕಡೆ ನೋಡಿದರು. "ಎಣಿಸಿದ್ದು ಒಟ್ಟು ಜನರನ್ನಮ್ಮ. ಹೇಗೆ ಬಂದರು ಅಂತ ಕಂಪನಿ ಕೇಳಿರಲಿಲ್ಲ" ಎಂದೆ. ಎರಡನೆಯ ವಾಕ್ಯ ನಿಜ. ಅದರ ಹಿಂದೆ ಮೊದಲನೆಯದು ಅಡಗಿಕೊಂಡಿತು. ಅಮ್ಮ ಒಂದು ಗಳಿಗೆ ನನ್ನನ್ನೇ ನೋಡಿ ಕೂತುಬಿಟ್ಟರು. ಠರಾವು ಪಾಸಾಯಿತು.

ಸ್ಟ್ಯಾಂಡು ಸಾಗಿಸಲು ನಗರಸಭೆ ಅನುಮತಿ ಕೊಡಬೇಕಾದರೆ ಜಟಕಾದವರ ಲಿಖಿತ ಒಪ್ಪಿಗೆ ಬೇಕಿತ್ತು. ಆ ಕೆಲಸವೂ ನನಗೇ ಬಂತು. ಜಮಾದಾರರು ತೊಟ್ಟಿಯ ಪಕ್ಕ ಕುದುರೆಯ ಗೊರಸು ಎತ್ತಿ ಹಿಡಿದು ಲಾಳ ನೋಡುತ್ತಿದ್ದರು. ವಿಷಯ ಹೇಳಿದೆ. ರೈಲ್ವೆ ಗೇಟಿನಾಚೆ ಖಾಲಿ ಜಾಗವಿದೆ, ಕಂಪನಿಯವರು ತೀರ್ಮಾನ ಮಾಡುವವರೆಗೆ ಅಲ್ಲಿರಿ, ಮೂರು ತಿಂಗಳು ಮಾತ್ರ ಎಂದೆ.

ಅವರು ಗೊರಸು ಕೆಳಗಿಟ್ಟು ಕೈ ಒರೆಸಿಕೊಂಡರು. "ಗೇಟಿನಾಚೆ ನೀರಿಲ್ಲ ಸ್ವಾಮಿ."

"ನೀರಿನ ಏರ್ಪಾಡು ಸಂಘ ಮಾಡುತ್ತದೆ."

"ಗೇಟ್ ಬಿದ್ರೆ ಅರ್ಧ ಗಂಟೆ ಏಳಲ್ಲ. ರೈಲು ಇಳ್ದೋರು ಕಾಯ್ತಾರಾ?"

"ಮೂರು ತಿಂಗಳಷ್ಟೇ ಜಮಾದಾರರೆ. ಆಮೇಲೆ ನಿಮ್ಮ ಜಾಗ ನಿಮಗೆ. ನಾನಿದ್ದೇನಲ್ಲ."

ಅವರು ಕಾಗದ ತೆಗೆದುಕೊಂಡು ತಲೆಕೆಳಗಾಗಿ ಹಿಡಿದು ನೋಡಿ ನನಗೇ ಕೊಟ್ಟರು. "ನಂಗೆ ಅಕ್ಷರ ಬರಲ್ಲ. ನೀವು ಓದಿ, ಏನ್ ಬರ್ದದೆ."

ಓದಿದೆ. ಕಾಗದದಲ್ಲಿ ಮೂರು ತಿಂಗಳು ಎಂದೇ ಇತ್ತು. ಅಷ್ಟರಮಟ್ಟಿಗೆ ಅದು ಸುಳ್ಳು ಕಾಗದವಲ್ಲ. ಅವರು ಉಳಿದ ಗಾಡಿಯವರನ್ನು ಕರೆದು ಉರ್ದುವಿನಲ್ಲಿ ಏನೋ ಹೇಳಿದರು. ಇಬ್ಬರು ದನಿಯೇರಿಸಿ ವಾದ ಮಾಡಿದರು. ಜಮಾದಾರರು ನನ್ನ ಕಡೆ ಕೈ ತೋರಿಸಿ ಮಾತಾಡಿ ಅವರನ್ನು ಸುಮ್ಮನಾಗಿಸಿದರು. ಆಮೇಲೆ ಒಬ್ಬೊಬ್ಬರಾಗಿ ಬಂದು ಹೆಬ್ಬೆಟ್ಟು ಒತ್ತಿದರು.

ಸ್ಟ್ಯಾಂಡು ಹೋದ ಮೇಲಿನ ಮೊದಲ ವಾರ ಬೀದಿ ಹಬ್ಬದ ಮನೆಯಂತಿತ್ತು. ತಲೆಯಲ್ಲಿದ್ದ ಜಾಗ ತೊಳೆಸಿದೆವು, ಸುಣ್ಣದ ಪಟ್ಟೆ ಎಳೆಸಿದೆವು, ಎರಡು ಕಾರು ನಿಲ್ಲುವಷ್ಟು ಜಾಗ ಮಾಡಿಸಿದೆವು. ಅಂಗಡಿಗಳ ಮುಂದಿನ ತಗಡಿನ ಚಪ್ಪರಗಳಿಗೆ ಒಂದೇ ಹಸಿರು ಬಣ್ಣ ಬಳಿಸಿದೆವು. ಫೋಟೋ ತೆಗೆಸಿ ಕೊಯಮತ್ತೂರಿಗೆ ಕಳಿಸಿದೆ.

ಜನ ಕಡಿಮೆಯಾದದ್ದು ಒಂದೇ ದಿನದಲ್ಲಲ್ಲ. ಆಷಾಢ ಬಂತಲ್ಲ, ಮದುವೆಗಳಿಲ್ಲ ಎಂದುಕೊಂಡೆವು. ಶ್ರಾವಣ ಬಂತು. ಪಾತ್ರೆ ಅಂಗಡಿಯವರು ಮಧ್ಯಾಹ್ನ ಬಾಗಿಲು ಓರೆ ಮಾಡಿ ಮಲಗತೊಡಗಿದರು. ಬೇಕರಿಯವರು ಎರಡು ಹೊತ್ತು ಹಚ್ಚುತ್ತಿದ್ದ ಒಲೆಯನ್ನು ಒಂದು ಹೊತ್ತಿಗೆ ಇಳಿಸಿದರು. ಸ್ಟೇಷನ್ನಿನಲ್ಲಿ ಇಳಿದವರು ಎದುರಿಗೆ ಸಿಕ್ಕಿದ ಸಿಟಿ ಬಸ್ಸು ಹತ್ತಿ ಬೇರೆ ಪೇಟೆಗಳಿಗೆ ಹೋಗುವುದನ್ನು ಕಲಿತರು. ಗೇಟಿನಾಚೆಯ ಜಟಕಾಗಳಿಗಾಗಿ ಯಾರೂ ಕಾಯಲಿಲ್ಲ.

ಸಂಘ ಮಾತು ಕೊಟ್ಟಿದ್ದ ನೀರು ಗೇಟಿನಾಚೆ ಹೋಗಲೇ ಇಲ್ಲ. ಒಂದು ತಿಂಗಳು ಪೀಪಾಯಿಯಲ್ಲಿ ಕಳಿಸಿದೆವು. ಆಮೇಲೆ ಯಾರು ಕಳಿಸಬೇಕೆಂಬ ಮಾತಿನಲ್ಲೇ ಅದು ನಿಂತಿತು.

ಮೂರು ತಿಂಗಳು ತುಂಬಿದ ದಿನ ಜಮಾದಾರರು ಸಂಘದ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. "ಇವತ್ತಿಗೆ ಮುಗೀತಲ್ಲ ಸ್ವಾಮಿ. ನಾಳೆ ಗಾಡಿ ತರ್ಲಾ?"

ಕಂಪನಿಯ ತೀರ್ಮಾನ ಇನ್ನೂ ಬಂದಿರಲಿಲ್ಲ. ಅಧಿಕಾರಿ ಎರಡನೆಯ ಸಲ ಬರುವುದಾಗಿ ಬರೆದಿದ್ದರು. "ಇನ್ನೊಂದು ಸ್ವಲ್ಪ ದಿನ" ಎಂದೆ.

"ಸ್ವಲ್ಪ ಅಂದ್ರೆ?"

"ತಿಂಗಳೊಪ್ಪತ್ತು."

ಅವರು ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಎರಡು ಕುದ್ರೆ ಮಾರ್ಬುಟ್ರು ಸ್ವಾಮಿ, ನಮ್ಮೋರು. ನನ್ನ ಕೇಳ್ತವ್ರೆ. ನಾನೇನ್ ಹೇಳ್ಲಿ?" ಅವರು ಹೋದರು.

ಮರುದಿನ ಅವಧಿ ಮುಂದುವರಿಸುವಂತೆ ನಗರಸಭೆಗೆ ಅರ್ಜಿ ಬರೆಯಬೇಕಾಯಿತು. ಅದಕ್ಕೂ ಒಪ್ಪಿಗೆ ಬೇಕಿತ್ತು. ಗೇಟಿನಾಚೆಗೆ ಹೋಗಿ ಆ ಜನರ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಹಳೆಯ ಹೆಬ್ಬೆಟ್ಟಿನ ಕಾಗದವನ್ನು ಲಗತ್ತಿಸಿ, 'ಜಟಕಾದವರ ಒಪ್ಪಿಗೆ ಮೊದಲಿನಂತೆಯೇ ಇದೆ' ಎಂದು ಒಂದು ಸಾಲು ಟೈಪ್ ಮಾಡಿದೆ. ಸಂಘದ ಹೆಸರಿನಲ್ಲಿ ನಾನೇ ಸಹಿ ಹಾಕಿದೆ. ಶೆಟ್ಟರಿಗೂ ಇದು ಗೊತ್ತಿರಲಿಲ್ಲ. ನನ್ನ ಕೆಲಸದ ಜೀವನದಲ್ಲಿ ನಾನು ತಿಳಿದೂ ತಿಳಿದೂ ಬರೆದ ಸುಳ್ಳು ಅದು.

ಅಧಿಕಾರಿ ಕಾರ್ತಿಕದಲ್ಲಿ ಬಂದರು. ಬೀದಿಯ ಉದ್ದಕ್ಕೂ ನಡೆದರು. ಹಸಿರು ಚಪ್ಪರ, ಸುಣ್ಣದ ಪಟ್ಟೆ, ಎಲ್ಲ ಇದ್ದವು. ಜರಿ ಕಾರ್ಖಾನೆಯ ಎದುರು ನಿಂತು ಗಡಿಯಾರ ನೋಡಿಕೊಂಡು ಕಾಲು ಗಂಟೆ ಸುಮ್ಮನೆ ಇದ್ದರು. ಆ ಕಾಲು ಗಂಟೆಯಲ್ಲಿ ಬೀದಿಯಲ್ಲಿ ಹಾದುಹೋದವರನ್ನು ನಾನೂ ಎಣಿಸಿದೆ. ಕೈಬೆರಳುಗಳೇ ಸಾಕಾದವು.

"ಆವತ್ತು ಇಲ್ಲಿ ಕಾಲಿಡಲು ಜಾಗವಿರಲಿಲ್ಲ. ಏನಾಯಿತು?" ಎಂದು ಕೇಳಿದರು.

"ನೀವು ಹೇಳಿದಿರೆಂದು ಜಟಕಾ ಸ್ಟ್ಯಾಂಡು ತೆಗೆಸಿದೆವು ಸಾರ್" ಎಂದೆ.

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪಾಯಿತು. "ನಾನಾ? ನಾನು ಹೇಳಿದ್ದು ಲದ್ದಿ ಬಗ್ಗೆ ಅಪ್ಪಾ. ಒಬ್ಬ ಗುಡಿಸುವವನನ್ನು ಇಡಿ, ದಿನಾ ತೊಳೆಸಿ ಎಂದು. ಗಿರಾಕಿಗಳನ್ನು ಹೊತ್ತು ತರುವ ಗಾಡಿಯನ್ನು ಯಾರಾದರೂ ತೆಗೆಸುತ್ತಾರಾ?"

ಶೆಟ್ಟರು ನನ್ನ ಪಕ್ಕದಲ್ಲೇ ಇದ್ದರು. ಇಬ್ಬರೂ ನೆಲ ನೋಡಿದೆವು. ಎರಡು ವಾರದ ಮೇಲೆ ಕಂಪನಿಯ ಕಾಗದ ಬಂತು. ಬೇರೆ ರಸ್ತೆಯಲ್ಲಿ ಜಾಗ ಗೊತ್ತಾಯಿತು, ನಿಮ್ಮ ಶ್ರಮಕ್ಕೆ ವಂದನೆಗಳು ಎಂದಿತ್ತು. ಬ್ಯಾಂಕು ಕಂಪನಿಯ ಹಿಂದೆಯೇ ಹೋಯಿತು.

ಸಂಘದ ಸಭೆ ಕರೆದೆ. ಮಡಚಿಟ್ಟ ಎಣಿಕೆಯ ಹಾಳೆಯನ್ನು ಎಲ್ಲರ ಮುಂದೆ ಓದಿದೆ. ಮುಂದುವರಿಕೆಯ ಅರ್ಜಿಯಲ್ಲಿ ನಾನು ಬರೆದ ಸಾಲನ್ನೂ ಹೇಳಿದೆ. ಯಾರೂ ಕೂಗಾಡಲಿಲ್ಲ, ಕೂಗಾಡಿದ್ದರೆ ಹಗುರವಾಗುತ್ತಿತ್ತು. ಶೆಟ್ಟರು ಎದ್ದು, "ಹಾಳೆ ನನಗೂ ತೋರ್ಸಿದ್ರು. ತಪ್ಪು ಅವರೊಬ್ಬರದೇ ಅಲ್ಲ" ಎಂದರು. ಅಷ್ಟು ಹೇಳಬೇಕಾದ ಅಗತ್ಯ ಅವರಿಗಿರಲಿಲ್ಲ. ಅದಕ್ಕಾಗಿ ಅವರನ್ನು ಈಗಲೂ ಗೌರವದಿಂದ ನೆನೆಯುತ್ತೇನೆ. ಬಳೆ ಅಂಗಡಿಯ ಅಮ್ಮ ಮಾತ್ರ ನನ್ನನ್ನು ನೇರವಾಗಿ ಕೇಳಿದರು:

"ಆವತ್ತು ನಾನು ಕೇಳ್ದಾಗ ನಿಮ್ಗೆ ಗೊತ್ತಿತ್ತು, ಅಲ್ವಾ ಐನೋರೆ?"

"ಗೊತ್ತಿತ್ತಮ್ಮ."

"ಊಂ. ನಂಗೂ ಅಂಗೇ ಅನ್ಸಿತ್ತು. ಆದ್ರೂ ಓದ್ದೋರು ಅಂತ ಸುಮ್ಕಾದೆ." ಅವರಿಗೆ ನನ್ನ ಮೇಲಿನ ಸಿಟ್ಟಿಗಿಂತ ತಮ್ಮ ಮೇಲಿನ ಸಿಟ್ಟೇ ಹೆಚ್ಚಾಗಿತ್ತು.

ಸ್ಟ್ಯಾಂಡನ್ನು ಮತ್ತೆ ಬೀದಿಯ ತಲೆಗೆ ತರಲು ಅರ್ಜಿ ಹಾಕಿದೆವು. ಅನುಮತಿ ಬೇಗನೆ ಬಂತು. ಗಾಡಿಗಳು ಬರಲಿಲ್ಲ. ಅಷ್ಟು ಹೊತ್ತಿಗೆ ಇಪ್ಪತ್ತು ಚಿಲ್ಲರೆಯಲ್ಲಿ ಆರೇಳು ಉಳಿದಿದ್ದವು. ಕೆಲವರು ಕುದುರೆ ಮಾರಿ ಮಂಡಿಯಲ್ಲಿ ಮೂಟೆ ಹೊರಲು ಸೇರಿದ್ದರು. ಉಳಿದವರು ಅರಮನೆ ನೋಡಲು ಬರುವ ಪ್ರವಾಸಿಗಳ ಕಡೆ ಹೋಗಿದ್ದರು. ರೈಲಿನ ಜನ ಬಸ್ಸಿಗೆ ಒಗ್ಗಿಹೋಗಿದ್ದರು. ಎರಡು ವರ್ಷದೊಳಗೆ ಪಾತ್ರೆ ಅಂಗಡಿ, ಬೇಕರಿ, ಅತ್ತರಿನ ಎರಡು ಅಂಗಡಿ ಮುಚ್ಚಿದವು. ಬೀದಿ ಹೇಗಿದ್ದರೂ ಇಳಿಯುತ್ತಿತ್ತು, ಕಾಲವೇ ಹಾಗಿತ್ತು ಎಂದು ಆಮೇಲೆ ಹಲವರು ನನಗೆ ಸಮಾಧಾನ ಹೇಳಿದ್ದಾರೆ. ಇರಬಹುದು. ಇಳಿಯುತ್ತಿದ್ದುದನ್ನು ತಳ್ಳಿದ ಕೈ ಯಾವುದೆಂದು ನನಗೆ ಗೊತ್ತು.

ಕೆಲಸ ಬಿಡುವ ಮೊದಲು ಗೇಟಿನಾಚೆ ಹೋದೆ. ಜಮಾದಾರರು ಒಂದು ಕಲ್ಲಿನ ಮೇಲೆ ಕೂತಿದ್ದರು. ಅವರ ಗಾಡಿ ಇತ್ತು. ಅದಕ್ಕೆ ಕುದುರೆ ಕಟ್ಟಿರಲಿಲ್ಲ. ನಾನು ಬಂದ ವಿಷಯವನ್ನೆಲ್ಲ ಹೇಳಿದೆ: ಹಾಳೆ, ಅಧಿಕಾರಿಯ ಮಾತು, ಅವರನ್ನು ಕೇಳದೆ ಬರೆದ ಸಾಲು. ಅವರು ಕೊನೆಯವರೆಗೂ ಕೇಳಿದರು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ.

"ಬರೆಯೋಕೆ ಏನಾದ್ರೂ ತಂದಿದ್ದೀರಾ?" ಎಂದು ಕೇಳಿದರು.

ಪೆನ್ನು, ಕಾಗದ ಎರಡೂ ಇದ್ದವು. "ಲೈಸೆನ್ಸ್ ವಾಪಸ್ ಕೊಡ್ಬೇಕು. ಅರ್ಜಿ ಬರೆಯೋನು ದುಡ್ಡು ಕೇಳ್ತಾನೆ. ನೀವೇ ಬರ್ದುಕೊಡಿ."

ಕಲ್ಲಿನ ಮೇಲೆ ಅವರ ಪಕ್ಕ ಕೂತು ಬರೆದೆ. ಹೆಸರು, ತಂದೆಯ ಹೆಸರು, ಗಾಡಿಯ ನಂಬರು. ಲೈಸೆನ್ಸ್ ಬಿಟ್ಟುಕೊಡಲು ಕಾರಣ ಎಂಬಲ್ಲಿಗೆ ಬಂದು ನಿಲ್ಲಿಸಿದೆ. "ಇಲ್ಲಿ ನಡೆದದ್ದನ್ನೇ ಬರೆಯುತ್ತೇನೆ ಜಮಾದಾರರೆ. ಸ್ಟ್ಯಾಂಡು ತೆಗೆಸಿದ್ದರಿಂದ ಎಂದು. ನನ್ನ ಹೆಸರೂ ಹಾಕುತ್ತೇನೆ."

"ಬ್ಯಾಡ" ಎಂದರು. "ಅದನ್ನ ಓದಿ ಅವ್ರು ಇನ್ನೊಂದು ಕಾಗ್ಜ ಕೇಳ್ತಾರೆ, ಅದಕ್ಕೆ ಇನ್ನೊಂದು ಹೆಬ್ಬೆಟ್ಟು. ನಂಗೆ ಸಾಕಾಗ್ಬುಟ್ಟದೆ. ವಯಸ್ಸಾಯ್ತು ಅಂತ ಬರ್ದುಬುಡಿ."

ನಾನು ಹಾಗೇ ಬರೆದೆ. ಅವರು ಹೆಬ್ಬೆಟ್ಟು ಒತ್ತಿ, ಬೆರಳನ್ನು ಮಣ್ಣಿಗೆ ಉಜ್ಜಿ, ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಅವರಿಗಿನ್ನೂ ಐವತ್ತು ತುಂಬಿರಲಿಲ್ಲ.